ಹೊಸ್ತಿಲು ಹೊತ್ತ ಪೆನ್ನಕ್ಕ

ರಣದೆಲೆಯೋ, ರಣಬಾಗಿನವೋ… ಆ ವೀಳ್ಯಕ್ಕೆ ನಮ್ಮಜ್ಜಿ ಒಂದು ಹೆಸರು ಹೇಳುತ್ತಿದ್ದಳು. ಅರ್ಧ ಬಾಯಿಗೆ ಬರುತ್ತದೆ, ಅರ್ಧ ಬರುವುದಿಲ್ಲ. ಕೇಳೋಣವೆಂದರೆ ಈ ಊರಲ್ಲಿ ನಮ್ಮ ಮಾತು ಬಲ್ಲವರಿಲ್ಲ. ಇರಲಿ ಪುಟ್ಟಿ, ಮೊದಲ ವೀಳ್ಯ ಎಂದೇ ಹೇಳುತ್ತೇನೆ. ಯುದ್ಧಕ್ಕೆ ಹೊರಡುವ ಮುಂಚೆ ದೊರೆ ತನ್ನ ಕೈಯಾರೆ ಕೊಡುವ ಎಲೆ ಅಡಿಕೆ ಅದು.

ಒಂದೂರಂತೆ. ಊರಿಗೊಂದು ಗುಡ್ಡವಂತೆ, ಗುಡ್ಡಕ್ಕೊಂದು ಕೋಟೆಯಂತೆ, ಕೋಟೆಗೆ ಒಂದೇ ಬಾಗಿಲಂತೆ. ಅದನ್ನು ಆಳುತ್ತಿದ್ದವನು ಕದುರಪ್ಪ ನಾಯಕ. ಅವನಿಗೆ ನೂರೊಂದು ಬಂಟರು. ಆ ನೂರೊಂದು ಬಂಟರಲ್ಲಿ ಮೊದಲಿಗ ಸೂರಣ್ಣ. ಸೂರಣ್ಣನ ಹೆಂಡತಿ ಪೆನ್ನಕ್ಕ. ಪೆನ್ನಕ್ಕನಿಗೆ ತವರು ಅಂತ ಉಳಿದಿದ್ದವನು ಒಬ್ಬನೇ ತಮ್ಮ, ಕಾಟಯ್ಯ. ತಾಯಿ ಸತ್ತಾಗ ಅವನು ತೊಟ್ಟಿಲಲ್ಲಿದ್ದ. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿ, ಗಂಡನ ಮನೆಗೂ ಜೊತೆಯಲ್ಲೇ ಕರೆತಂದು, ಆ ವರ್ಷವೇ ಅವನ ಮದುವೆಯನ್ನೂ ಮಾಡಿದ್ದಳು.

ಆ ಕೋಟೆಯಲ್ಲಿ ಒಂದು ಕಟ್ಟಳೆ. ಮೊದಲ ವೀಳ್ಯ ಹಿಡಿದವನು ತನ್ನವರನ್ನು ಕರೆದುಕೊಂಡು ಬಾಗಿಲು ದಾಟಬೇಕು. ಅವನ ಹಿಂದೆಯೇ ಬಾಗಿಲು ಮುಚ್ಚಿ ಅಗುಳಿ ಹಾಕುತ್ತಾರೆ. ಹಗೆಯ ನಗಾರಿ ನಿಲ್ಲುವತನಕ ಅಗುಳಿ ತೆಗೆಯುವಂತಿಲ್ಲ. ಹೊರಗಿದ್ದವನು ಕೂಗಲಿ, ಅಳಲಿ, ತೆಗೆಯುವಂತಿಲ್ಲ. ತೆಗೆದರೆ ಮತ್ತೊಬ್ಬ ಬಂಟ ಮೊದಲ ವೀಳ್ಯ ಹಿಡಿದು ಹೊರಡುವಾಗ ಮಾತ್ರ. ಹದಿನಾಲ್ಕು ವರ್ಷ ಆ ವೀಳ್ಯ ಸೂರಣ್ಣನದೇ. ಹದಿನಾಲ್ಕು ಸಲ ಹೋಗಿದ್ದ, ಹದಿನಾಲ್ಕು ಸಲ ಬಂದಿದ್ದ.

ಹದಿನೈದನೆಯ ಮಹಾನವಮಿಗೆ ನಾಯಕ ಓಲಗ ಕೂತನಂತೆ. ಯುದ್ಧವಿಲ್ಲದಿದ್ದರೂ ಆ ದಿನ ಮೊದಲ ವೀಳ್ಯ ಮೊದಲ ಬಂಟನಿಗೇ ಸಲ್ಲಬೇಕು. ಸೂರಣ್ಣ ಎರಡೂ ಕೈ ಚಾಚಿ ನಿಂತ. ನಾಯಕ ಹರಿವಾಣದಿಂದ ವೀಳ್ಯ ಎತ್ತಿ ಪಕ್ಕದಲ್ಲಿ ಕೂತಿದ್ದ ಹೊಸ ಅಳಿಯನ ಕೈಗಿಟ್ಟ.

"ಮಗಳು ಆಸೆಪಟ್ಟಳು ಸೂರಣ್ಣ. ಎರಡನೇದು ನಿನಗೇ."

ಚಾಚಿದ ಕೈ ಚಾಚಿದ ಹಾಗೇ ಇತ್ತಂತೆ. ಹಿಂದೆ ಯಾರೋ ಕಿಸಕ್ಕೆಂದರಂತೆ.

"ಎರಡನೇದು ತಿಂದು ಅಭ್ಯಾಸ ಇಲ್ಲ, ಬುದ್ಧಿ," ಅಂದವನೇ ಸೂರಣ್ಣ ಮನೆಗೆ ಬಂದು ಕತ್ತಿ ಮುಟ್ಟಿ ಆಣೆ ಇಟ್ಟ. "ನಾಯಕ ತಾನೇ ಮೊದಲ ವೀಳ್ಯ ತಂದು ನನ್ನ ಹೊಸ್ತಿಲ ಮೇಲೆ ಕೊಡಬೇಕು. ಅಲ್ಲಿತನಕ ಈ ಹೊಸ್ತಿಲು ದಾಟಿದರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ."

ಪೆನ್ನಕ್ಕ ರೊಟ್ಟಿ ತಟ್ಟುತ್ತಿದ್ದಳು. "ಹೊಲದ ಕಡೆ ನೋಡೋರು ಯಾರು ಹಾಗಾದರೆ?" ಅಂದಳು.

"ನಿನ್ನ ತಮ್ಮ ಇದಾನಲ್ಲ."

ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಮೂರನೆಯ ತಿಂಗಳು ಕೆಳಗಿನ ನಾಡಿನ ದಂಡು ಬಂದು ಗುಡ್ಡದ ಸುತ್ತ ಬಿಡಾರ ಹೂಡಿತಂತೆ. ಹಗಲೆಲ್ಲ ನಗಾರಿ. ನಾಯಕನ ಅಳಿಯನಿಗೆ ಹೊಟ್ಟೆನೋವು ಶುರುವಾಯಿತು. ವೀಳ್ಯದ ಹರಿವಾಣ ಓಲಗದ ನಡುವೆ ಹಾಗೇ ಉಳಿಯಿತು. ಎಲೆ ಬಾಡಿದವು. ಹೊಸ ಎಲೆ ಇಟ್ಟರು, ಅವೂ ಬಾಡಿದವು.

ಬಾವಿಯ ಹತ್ತಿರ ಜನ ಕಾಟಯ್ಯನನ್ನು ಹಿಡಿದು ಕೇಳುತ್ತಿದ್ದರು. "ನಿಮ್ಮ ಭಾವ ಬಾಣಂತಿಯಾ ಕಾಟಯ್ಯ? ಹೊರಗೆ ಬರಂಗಿಲ್ವಂತೆ. ಎಷ್ಟನೇ ದಿನ ಇವತ್ತಿಗೆ?"

ಕಾಟಯ್ಯ ಬಿಂದಿಗೆಯನ್ನು ಅಲ್ಲೇ ಇಟ್ಟು, ನೆಟ್ಟಗೆ ಓಲಗಕ್ಕೆ ಹೋಗಿ ಹರಿವಾಣಕ್ಕೆ ಕೈ ಹಾಕಿ ಮೊದಲ ವೀಳ್ಯ ಹಿಡಿದ. ಆಮೇಲೆ ಅಕ್ಕನ ಹತ್ತಿರ ಬಂದ.

"ಕುರಿ ಕಾದವನು ನೀನು," ಅಂದಳು ಪೆನ್ನಕ್ಕ. "ಕತ್ತಿ ಹಿಡಿದಿದ್ದು ಯಾವತ್ತು?"

"ತೋಳ ಹೊಡೆದಿಲ್ವೇನಕ್ಕ?"

"ತೋಳ ನಗಾರಿ ಬಾರಿಸಿಕೊಂಡು ಬರ್ತವೇನೋ?"

ಅವನು ನಕ್ಕ. ನಗುತ್ತಲೇ ಹೋದ. ನಲವತ್ತು ಜನ ಅವನ ಹಿಂದೆ ಹೋದರು. ಅಗುಳಿ ಬಿತ್ತು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಲವತ್ತೂ ಜನ ಮುಗಿದಿದ್ದರು. ಕಾಟಯ್ಯನೊಬ್ಬ ಬಾಗಿಲಿಗೆ ಬಂದು ಬಡಿಯತೊಡಗಿದ. "ಅಕ್ಕಾ, ಬಾಗಿಲು ತೆಗೆಸೇ. ಅಕ್ಕಾ." ಒಳಗೆ ಪೆನ್ನಕ್ಕ ಅಗುಳಿಗೆ ಕೈ ಹಾಕಿದಳು. ಕಾವಲಿನ ಮುದುಕ ಅವಳ ಕೈ ಹಿಡಿದ.

"ನನ್ನ ತಲೆ ಹೋಗ್ತದೆ ತಾಯಿ. ಮೊದಲ ವೀಳ್ಯ ಕೊಡಿಸಿ ನಿನ್ನ ಗಂಡನ್ನ ಕರ್ಕೊಂಡು ಬಾ. ಆಗ ತೆಗೀತೀನಿ."

ಪೆನ್ನಕ್ಕ ಮನೆಗೆ ಓಡಿದಳು. ಸೂರಣ್ಣ ಕತ್ತಿ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತಿದ್ದ.

"ಅವನು ಕೂಗೋದು ಕೇಳಿಸ್ತಿಲ್ವಾ?"

"ಕೇಳಿಸ್ತಿದೆ."

"ಮತ್ತೆ?"

"ನಾಯಕ ವೀಳ್ಯ ತರಲಿ. ತಂದ ಕ್ಷಣ ಹೋಗ್ತೀನಿ."

ಪೆನ್ನಕ್ಕ ನಾಯಕನ ಮನೆಗೆ ಓಡಿದಳು. ಕಾಲಿಗೆ ಬಿದ್ದಳು.

"ಕೊಡಲ್ಲ ಅಂದೆನಾ ತಂಗಿ? ಹರಿವಾಣ ಇಲ್ಲೇ ಇದೆ, ಬಂದು ತಗೊಳ್ಳಲಿ," ಅಂದ ನಾಯಕ. "ಆಳೋನು ಬಂಟನ ಬಾಗಿಲಿಗೆ ಹೋದರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?" ಅವಳು ಕಾಲು ಬಿಡಲಿಲ್ಲ. "ಆಯ್ತು, ಬೇವಿನ ಕಟ್ಟೆತನಕ ಬರ್ತೀನಿ. ಅದು ಅರ್ಧ ದಾರಿ. ಉಳಿದರ್ಧ ಅವನು ಬರಲಿ."

ಪೆನ್ನಕ್ಕ ಮತ್ತೆ ಮನೆಗೆ ಓಡಿದಳು.

"ಬೇವಿನ ಕಟ್ಟೆ ನನ್ನ ಹೊಸ್ತಿಲೇನೇ?" ಅಂದ ಸೂರಣ್ಣ.

ಅವಳು ಹಿತ್ತಲಿಂದ ಹಾರೆ ತಂದು ಹೊಸ್ತಿಲ ಬುಡಕ್ಕೆ ಹಾಕಿ ಮೀಟಿದಳು. ಎದ್ದ ಹೊಸ್ತಿಲನ್ನು ತಲೆಯ ಮೇಲೆ ಹೊತ್ತಳು. "ಬನ್ನಿ. ದಾಟೋದಕ್ಕೆ ಈಗ ಏನೂ ಇಲ್ಲ," ಅಂದು ಮುಂದೆ ನಡೆದಳು. ಹೆಂಡತಿಯ ತಲೆಯ ಮೇಲಿನ ಹೊಸ್ತಿಲ ಹಿಂದೆ ಸೂರಣ್ಣ ನಡೆದ. ಬಾಗಿಲಿನ ಕಡೆಯಿಂದ "ಅಕ್ಕಾ" ಅನ್ನುವುದು ಇನ್ನೂ ಕೇಳುತ್ತಿತ್ತಂತೆ.

ಕಟ್ಟೆಯ ಮೇಲೆ ಹೊಸ್ತಿಲಿಟ್ಟಳು. ಆ ಕಡೆ ನಾಯಕ, ಈ ಕಡೆ ಸೂರಣ್ಣ. "ಒಳಮೈ ನನ್ನ ಕಡೆಗಿರಬೇಕು," ಅಂದ ಸೂರಣ್ಣ. ಹೊಸ್ತಿಲು ತಿರುಗಿಸಿದರು. "ಮೊದಲು ಅವನು ತಲೆ ಬಾಗಲಿ," ಅಂದ ನಾಯಕ. "ಮೊದಲು ವೀಳ್ಯ ಬರಲಿ," ಅಂದ ಸೂರಣ್ಣ. ಎರಡೂ ಒಟ್ಟಿಗೇ ಆಗಲಿ ಎಂದು ಹಿರಿಯರು ತೀರ್ಪು ಕೊಟ್ಟರು. ಬಾಡಿದ ಎಲೆಗೆ ನಾನು ಕೈ ಒಡ್ಡುವುದಿಲ್ಲ ಎಂದ ಸೂರಣ್ಣ. ಹೊಸ ಎಲೆ ತರಲು ಆಳು ಓಡಿದ. ಕೊನೆಗೆ ನಾಯಕನ ಕೈಯ ವೀಳ್ಯ ಹೊಸ್ತಿಲು ದಾಟಿ ಸೂರಣ್ಣನ ಕೈ ಸೇರಿತು. ಇಬ್ಬರ ಮಾನವೂ ಉಳಿಯಿತು. ನೆರೆದ ಜನ ಪೆನ್ನಕ್ಕನ ಬುದ್ಧಿಯನ್ನು ಹೊಗಳಿದರು.

ಪೆನ್ನಕ್ಕ ಮಾತ್ರ ಕಿವಿಗೊಟ್ಟು ನಿಂತಿದ್ದಳು. ಬಾಗಿಲಿನ ಕಡೆಯಿಂದ ಸದ್ದಿರಲಿಲ್ಲ.

ಅಗುಳಿ ತೆಗೆದರು. ಬಾಗಿಲಿಗೆ ಒರಗಿದ್ದ ಕಾಟಯ್ಯ ಒಳಕ್ಕೆ ಬಿದ್ದ. ಮಾತು ಕೊಟ್ಟವನು ಮಾತು ನಡೆಸಬೇಕಲ್ಲ, ಸೂರಣ್ಣ ಅವನನ್ನು ದಾಟಿಕೊಂಡು ಹೋದ. ಹೊತ್ತು ಮುಳುಗುವಷ್ಟರಲ್ಲಿ ದಂಡು ಓಡಿತು, ನಗಾರಿ ನಿಂತಿತು. ಸೂರಣ್ಣ ಎದೆಯಲ್ಲಿ ಏಳು ಗಾಯ ಹೊತ್ತು ಬಂದ. ಮೂರನೆಯ ದಿನ ಸತ್ತ. ಸಾಯುವ ಮುಂಚೆ ಹೆಂಡತಿಯ ಕಡೆ ತಿರುಗಿದನಂತೆ. ಅವಳು ನೀರು ಕುಡಿಸಿದಳು, ಮುಖ ನೋಡಲಿಲ್ಲ.

ನಾಯಕ ವೀರಗಲ್ಲು ಕೊರೆಸಿದ. ಕಲ್ಲಿನಲ್ಲಿ ಸೂರಣ್ಣ, ವೀಳ್ಯ ಕೊಡುವ ನಾಯಕನ ಕೈ, ಮೇಲೆ ಸೂರ್ಯ ಚಂದ್ರರು.

"ನನ್ನ ತಮ್ಮನಿಗೂ ಒಂದು ಕಲ್ಲು, ಬುದ್ಧಿ," ಅಂದಳು ಪೆನ್ನಕ್ಕ.

"ಅವನ ಗಾಯ ಬೆನ್ನಿಗಿತ್ತಲ್ಲ ತಂಗಿ. ಬೆನ್ನಿಗೆ ಗಾಯ ಆದವರಿಗೆ ಕಲ್ಲು ನಿಲ್ಲಿಸೋ ಪದ್ಧತಿ ಇಲ್ಲ."

"ಎದೆ ನಮ್ಮ ಕಡೆಗಿತ್ತು, ಬುದ್ಧಿ."

ಕಲ್ಲುಕುಟಿಗ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡ. ಪೆನ್ನಕ್ಕ ಮನೆಗೆ ಹೋಗಿ, ತಮ್ಮನ ಹೆಂಡತಿಗೆ ಹೊಟ್ಟೆಗೆ ಹಾಕಿ, ತಾನು ಉಪವಾಸ ಮಲಗಿದಳಂತೆ. ಆಮೇಲೆ ಎಷ್ಟು ವರ್ಷ ಬದುಕಿದಳೋ, ಆ ಊರಲ್ಲಿ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲವಂತೆ.

ಕಲ್ಲು ಆ ಗುಡ್ಡದಲ್ಲೇ ನಿಂತಿತು, ಕಥೆ ನಡೆದುಕೊಂಡು ಇಲ್ಲಿತನಕ ಬಂತು. ಕಲ್ಲಿನಲ್ಲಿ ಸೂರಣ್ಣನ ಹೆಸರಿದೆ, ನಾಯಕನ ಹೆಸರೂ ಇದೆ. ಪುಟ್ಟಿ, ನಿನ್ನ ಪುಸ್ತಕ ತೆಗಿ. ಕಾಟಯ್ಯ ಅಂತ ಬರಿ.