ಕಚ್ಚಾ ಹೊಲಿಗೆಯ ದಾರ

ಹಳೆ ಸೀರೆಗಳ ತುಂಡುಗಳೆಲ್ಲ ಕೌದಿಯಾಗಲೆಂದು ಚಾಪೆಯ ಮೇಲೆ ಸೇರಿದ್ದವು. ಸೂಜಿ ಕೇಳಿತು: "ಪಕ್ಕಾ ಹೊಲಿಗೆ ಬೀಳುವ ತನಕ ಎಲ್ಲರನ್ನೂ ಜಾರದಂತೆ ಹಿಡಿದಿಡಲು ಒಬ್ಬರು ಮುಂದೆ ಬರಬೇಕು. ಯಾರು ಬರುತ್ತೀರಿ?"

"ನನಗೆ ಕತ್ತರಿಸುವುದೇ ಕೈತುಂಬ ಕೆಲಸ," ಎಂದಿತು ಕತ್ತರಿ. "ಕೌದಿಯ ನಡುವೆ ಮೆರೆಯುವುದಷ್ಟೇ ನನ್ನ ಕೆಲಸ," ಎಂದಿತು ಕೆಂಪು ರೇಷ್ಮೆಯ ತುಂಡು. ಉಳಿದ ತುಂಡುಗಳು ಒಂದರ ಹಿಂದೆ ಒಂದು ಸರಿದುಕೊಂಡವು.

"ಪ್ರತಿ ಸಲದಂತೆ ನಾನೇ ಬರುತ್ತೇನೆ," ಎಂದಿತು ಮಾಸಿದ ನೂಲಿನ ದಾರ. ಸೂಜಿಯ ಹಿಂದೆ ಅದು ದೊಡ್ಡ ದೊಡ್ಡ ಹೊಲಿಗೆಯಾಗಿ ಹೊರಟಿತು.

"ಎಷ್ಟು ಸೊಟ್ಟ!" ಎಂದಿತು ರೇಷ್ಮೆ.

"ನಾನು ಸೊಟ್ಟ ಇದ್ದರೂ ನೀವು ನೆಟ್ಟಗೆ ಕೂತಿರಲ್ಲ, ಸಾಕು."

ಆದರೆ ಅರ್ಧ ಕೌದಿಗೇ ದಾರ ಮುಗಿದುಹೋಯಿತು. ಆಚೆ ಬದಿಯ ತುಂಡುಗಳು ಜಾರತೊಡಗಿದವು. ಅವುಗಳ ಜೊತೆ ರೇಷ್ಮೆಯೂ ಜಾರಿತು.

"ಯಾಕೆ ನಿಂತೆ?" ಎಂದು ಅದು ಗದರಿತು.

"ಪಕ್ಕಾ ಹೊಲಿಗೆ ಮುಗಿದ ಮೇಲೆ ನನ್ನನ್ನು ಎಳೆದು ತೆಗೆಯುತ್ತಾರೆ. ಎಳೆದಾಗಲೆಲ್ಲ ಒಂದಿಷ್ಟು ಹರಿದುಹೋಗುತ್ತೇನೆ. ಈಗ ಉಳಿದದ್ದು ಇಷ್ಟೇ. ಯಾರಾದರೂ ಗಂಟು ಹಾಕಿಕೊಂಡು ಜೊತೆಗೆ ಬಂದರೆ ಆ ತುದಿ ಮುಟ್ಟಬಹುದು."

"ಕೊನೆಗೆ ಕಿತ್ತು ತೆಗೆಸಿಕೊಳ್ಳುವ ಕೆಲಸಕ್ಕೆ ನೀನಾದರೂ ಯಾಕೆ ಬರುತ್ತೀ?"

"ಯಾರೂ ಬರದಿದ್ದರೆ ನೀವು ಕೌದಿಯಾಗುವುದಿಲ್ಲ. ಚಿಂದಿಯಾಗಿಯೇ ಉಳಿಯುತ್ತೀರಿ."

ರೇಷ್ಮೆ ಕತ್ತರಿಯ ಕಡೆ ನೋಡಿತು. ಕತ್ತರಿ ಬೇರೆ ಕಡೆ ನೋಡಿತು. ಆಮೇಲೆ ರೇಷ್ಮೆ ತನ್ನ ಅಂಚಿನಿಂದ ಉದ್ದನೆಯ ಒಂದು ಎಳೆ ಬಿಚ್ಚಿ ಮುಂದೆ ಚಾಚಿತು.

"ಗಂಟು ಹಾಕು," ಎಂದಿತು. "ಸೊಟ್ಟ ಹೋದರೆ ಮಾತ್ರ ನನ್ನನ್ನು ಬೈಯಬೇಡ."