ಗೀಜಗನ ಹುಲ್ಲುಗುಡ್ಡೆ

ನಮ್ಮ ಕೆರೆಯಂಚಿನ ಜಾಲಿಮರದಲ್ಲಿ ಗೀಜಗಗಳ ವಿಶ್ವವಿದ್ಯಾಲಯವಿತ್ತು. ಸುಳ್ಳೆನಿಸಿದರೆ ಮರವನ್ನೇ ಕೇಳಿ. ಹೊಸದಾಗಿ ಸಂಶೋಧನೆಗೆ ಸೇರಿದ ಎಳೆಯ ಗೀಜಗವೊಂದು ತಿಂಗಳಿಡೀ ಹುಲ್ಲೆಳೆ ತಂದು ಗುಡ್ಡೆ ಹಾಕಿತು.

“ಗೂಡೆಲ್ಲಪ್ಪಾ?” ಎಂದರು ಮಾರ್ಗದರ್ಶಕಿ ಹಿರಿಗೀಜಗ.

“ಇನ್ನೊಂದೇ ಎಳೆ ಮೇಡಂ! ಆಮೇಲೆ ಹೆಣೆಯುವುದಷ್ಟೇ.”

“ನಾಡಿದ್ದು ಗೂಡು ಕಾಣದಿದ್ದರೆ ನಿನ್ನ ಕೊಂಬೆ ಬೇರೆಯವರಿಗೆ.”

ಗೀಜಗ ಗಾಬರಿಬಿದ್ದು ಹೆಣೆಯಲು ಕೂತಿತು. ಒಣಗಿದ ಎಳೆಗಳೆಲ್ಲ ಪಟಪಟನೆ ಮುರಿದವು.

“ಹುಲ್ಲು ಹಸಿಯಿದ್ದಾಗಲೇ ಹೆಣೆಯಬೇಕು, ಪಂಡಿತರೇ!” ಎಂದು ಮೇಡಂ ನಕ್ಕರು.

ಗೀಜಗ ಹಾರಿಹೋಗಿ ಒಂದು ಹಸಿ ಎಳೆ ತಂದು ಗಂಟು ಹಾಕಿತು. ಮೇಡಂ ಅದನ್ನು ಕೊಕ್ಕಿನಿಂದ ಬಿಚ್ಚಿದರು. ಅದು ಮತ್ತೆ ಹಾಕಿತು. ಅವರು ಮತ್ತೆ ಬಿಚ್ಚಿದರು. ಮೂರನೆಯ ದಿನ ಅರ್ಧ ಗೂಡೊಂದು ಸೊಟ್ಟಗೆ ಜೋಲಾಡಿತು.

“ಇದರಲ್ಲಿ ಮೊಟ್ಟೆ ನಿಲ್ಲದು,” ಎಂದರು ಮೇಡಂ, “ಆದರೆ ಗುಡ್ಡೆಯನ್ನು ತಿದ್ದಲಾಗುತ್ತಿರಲಿಲ್ಲ, ಇದನ್ನು ತಿದ್ದಬಹುದು. ಕೊಂಬೆ ನಿನ್ನದೇ.”