ನೆನೆದ ಎಲೆ

"ಅಜ್ಜಾರ, ನಮ್ಮಾಕಿ ಮುಖ ಮಸುಕಾಗಾಕತ್ತೈತ್ರಿ. ದಿನಾ ನೆನಿತೀನಿ. ನೆನೆದಷ್ಟೂ ಮಸುಕಾಗತೈತಿ. ಯಾಕ್ರಿ ಹಿಂಗ?"

ಕೇಳಿದವನು ಅಡಿವೆಪ್ಪ. ಹೆಂಡತಿ ಬಾಣಂತನದಲ್ಲಿ ತೀರಿಕೊಂಡ ತಿಂಗಳಲ್ಲೇ ಹೆಣ್ಣು ಕೂಸನ್ನು ಅಕ್ಕನ ಮನೆಯಲ್ಲಿ ಬಿಟ್ಟು ಮಠಕ್ಕೆ ಬಂದವನು. ಬಂದು ಮೂರು ವರ್ಷವಾಗಿತ್ತು, ಒಮ್ಮೆಯೂ ಅತ್ತ ಹೋಗಿರಲಿಲ್ಲ. ಬೆಳಗಿನ ಪೂಜೆ ಮುಗಿದ ಮೇಲೆ ಒಂದು ಮೂಲೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ. ಮಠದವರು ಅದನ್ನು ಧ್ಯಾನ ಎಂದುಕೊಂಡಿದ್ದರು. ಮಠದ ಗುರುಗಳಾದ ಅಜ್ಜನವರು ಮಾತ್ರ ಹಾಗೆ ಅಂದುಕೊಂಡಿರಲಿಲ್ಲ.

"ನಿನಗ ಕೌದಿ ಹೊದಿಯೋದು ಗೊತ್ತೈತಿ, ಹೊಲಿಯೋದು ಗೊತ್ತಿಲ್ಲ. ಕೂಡು," ಎಂದು ಅಜ್ಜನವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೌದಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಹಳೆಯ ಸೀರೆ, ಹಳೆಯ ಧೋತರ ಪದರ ಪದರವಾಗಿ ಹಾಸಿ ಎಲ್ಲರೂ ಕೌದಿ ಹೊಲಿಯುತ್ತಾರೆ. ಇವಳು ಮೇಲಿನ ಪದರಕ್ಕೆ ಎಲೆಯ ಅಚ್ಚು ಹಾಕುತ್ತಿದ್ದಳು. ಬಟ್ಟೆಯನ್ನು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುವಳು. ತುಕ್ಕು ಹಿಡಿದ ಕುಡುಗೋಲಿನ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಇಟ್ಟು, ಆ ಕಬ್ಬಿಣದ ನೀರಿನಲ್ಲಿ ಎಲೆ ಅದ್ದುವಳು. ಎಲೆಯನ್ನು ಬೆನ್ನು ಕೆಳಗಾಗಿ ಬಟ್ಟೆಯ ಮೇಲಿಡುವಳು. ಎಲೆಯ ಮುಖ ಚೆಂದ, ನಿಜ. ಆದರೆ ನರಗಳು ಎದ್ದಿರುವುದು ಬೆನ್ನಿನಲ್ಲಿ. ಆಮೇಲೆ ಬಟ್ಟೆಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಹಬೆಯಲ್ಲಿ ಬೇಯಿಸಿ, ಒಂದು ದಿನ ಹಾಗೇ ನೆನೆಯಲು ಬಿಡುವಳು. ಮರುದಿನ ಬಿಚ್ಚಿದರೆ ಎಲೆಯ ಒಂದೊಂದು ನರವೂ ಬಟ್ಟೆಯ ಮೇಲೆ ಮೂಡಿರುತ್ತಿತ್ತು.

ಕಲಿಯಲು ಬಂದ ಹುಡುಗಿಯರಿಗೆ ಎಲೆ ಎಸೆಯಲು ಮನಸ್ಸಾಗುತ್ತಿರಲಿಲ್ಲ. ಅವಳು ಬೈಯುತ್ತಿದ್ದಳು.

"ಅಚ್ಚು ಬಿತ್ತಲ್ಲ? ಇನ್ನ ಎಲಿ ತಿಪ್ಪಿಗೆ. ರೊಟ್ಟಿ ತಿಂದ ಮ್ಯಾಲ ಹಂಚು ನೆಕ್ಕತೀರೇನ?"

ಅವಳಿಗೆ ಒಬ್ಬಳೇ ಮಗಳು. ಹೆರಿಗೆಗೆ ತವರಿಗೆ ಬಂದಿದ್ದಳು. ಯುಗಾದಿಯ ಹೊತ್ತಿಗೆ ಹೆತ್ತಳು. ಒಂಬತ್ತನೆಯ ದಿನ ಹೋಗಿಬಿಟ್ಟಳು. ಕೂಸು ಉಳಿಯಿತು. ಪಕ್ಕದ ಮನೆಯವಳಿಗೆ ಹಾಲು ಕುಡಿಯುವ ಮಗುವಿತ್ತು. ಅವಳು ಕೂಸನ್ನು ತನ್ನ ಮನೆಗೇ ಒಯ್ದು ಎರಡಕ್ಕೂ ಎದೆ ಕೊಟ್ಟಳು. ಅಜ್ಜಿಗೆ ಕೂಸಿನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ನೋಡಿದರೆ ಅಳು ಬರುತ್ತಿತ್ತು, ಅದಕ್ಕೇ ನೋಡುತ್ತಿರಲಿಲ್ಲ.

ದೀಪಾವಳಿ ಬಂತು, ಚಳಿಯೂ ಬಂತು. ಕೂಸಿಗೊಂದು ಕೌದಿ ಹೊಲಿದುಕೊಡು ಎಂದು ಪಕ್ಕದ ಮನೆಯವಳು ಕೇಳಿದಳು. ಅಜ್ಜಿ ಒಪ್ಪಿದಳು. ಹಿತ್ತಲಲ್ಲಿ ಮಗಳು ಚಿಕ್ಕವಳಿದ್ದಾಗ ನೆಟ್ಟ ಪೇರಲ ಗಿಡವಿತ್ತು. ಆ ವರ್ಷ ಅದೂ ಒಣಗುತ್ತಿತ್ತು. ಒಂದೇ ಕೊಂಬೆಯಲ್ಲಿ ಹಿಡಿಯಷ್ಟು ಎಲೆ ಉಳಿದಿದ್ದವು. ಅಜ್ಜಿ ಅಷ್ಟನ್ನೂ ಕಿತ್ತಳು. ಮಗಳ ತಿಳಿ ಬಣ್ಣದ ನೂಲಿನ ಸೀರೆಯ ಮೇಲೆ ಒಂದೊಂದಾಗಿ ಹಾಸಿದಳು. ಸುತ್ತಿದಳು, ಕಟ್ಟಿದಳು, ಬೇಯಿಸಿದಳು.

ಮರುದಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಗಂಟಿಗೆ ಕೈ ಹಾಕಿದಳು. ಬಿಚ್ಚಲು ಆಗಲಿಲ್ಲ. ಬಿಚ್ಚಿದರೆ ಎಲೆ ಎಸೆಯಬೇಕು. ಗಿಡದಲ್ಲಿ ಇನ್ನು ಎಲೆಯಿಲ್ಲ.

"ಇನ್ನೊಂದು ದಿನ ನೆನೀಲಿ," ಎಂದಳು.

ಮರುದಿನವೂ ಅದೇ ಮಾತು. ಸುರುಳಿ ಒಣಗಬಾರದೆಂದು ಗಡಿಗೆಯಲ್ಲಿಟ್ಟು ದಿನಾ ನೀರು ಚಿಮುಕಿಸಿದಳು. ಹೊತ್ತು ಹುಟ್ಟಿದರೆ ಗಡಿಗೆಯ ಮುಂದೆ ಕೂರುವುದೇ ಅವಳ ಕೆಲಸವಾಯಿತು. ಅತ್ತ ಪಕ್ಕದ ಮನೆಯಲ್ಲಿ ಎರಡು ಮಕ್ಕಳು ಒಂದೇ ತುಂಡು ಕೌದಿಯನ್ನು ಎಳೆದಾಡಿಕೊಂಡು ಮಲಗುತ್ತಿದ್ದವು. ಇವಳ ಮೊಮ್ಮಗಳಿಗೆ ನೆಗಡಿ ಹಿಡಿದು ಎದೆ ಗೊರಗೊರ ಎನ್ನತೊಡಗಿತು. ಊರಿಗೆಲ್ಲ ಎಲೆ ಎಸೆಯುವುದನ್ನು ಕಲಿಸಿದವಳಿಗೆ ತನ್ನ ಎಲೆ ಎಸೆಯಲು ಬರಲಿಲ್ಲ. ಅಯ್ಯೋ ಅನಿಸುತ್ತದೆ. ಆದರೆ ಚಳಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಎಳ್ಳಮವಾಸ್ಯೆಯ ದಿನ ಊರವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ಪಕ್ಕದ ಮನೆಯವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಅಂಗಳದಲ್ಲಿ ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

"ನೆನೆದದ್ದು ಸಾಕಬೇ. ಬಿಚ್ಚು."

ಅಜ್ಜಿ ಬಿಚ್ಚಿದಳು. ಎಲೆಗಳು ಕೊಳೆತು ಲೋಳೆಯಾಗಿದ್ದವು. ನರವಿಲ್ಲ, ಅಂಚಿಲ್ಲ. ಸೀರೆಯ ನಡುಭಾಗವೆಲ್ಲ ಒಂದೇ ಕಪ್ಪು ಕಲೆ. ಬೆರಳು ತಾಗಿದಲ್ಲಿ ಬಟ್ಟೆ ಹರಿಯಿತು. ಕಬ್ಬಿಣದ ನೀರು ಹೆಚ್ಚು ದಿನ ನಿಂತರೆ ನೂಲನ್ನು ತಿನ್ನುತ್ತದೆ. ಇದು ಅವಳೇ ಎಲ್ಲರಿಗೂ ಹೇಳಿಕೊಟ್ಟ ಮಾತು.

ಅವಳು ಹಣೆ ಬಡಿದುಕೊಂಡಳು. ಮಗಳದೆಂದು ಇದ್ದ ಒಂದು ಗುರುತನ್ನೂ ಕೈಯಾರೆ ಕೊಳೆಸಿದೆ ಎಂದು ಗೋಳಾಡಿದಳು. ಅಳುತ್ತಳುತ್ತಲೇ ಕೂಸಿಗೆ ಕೈ ಚಾಚಿದಳು. ಕೂಸು ಬರಲಿಲ್ಲ. ಬೆದರಿ, ಪಕ್ಕದ ಮನೆಯವಳ ಹೆಗಲಿನಲ್ಲಿ ಮುಖ ಹುದುಗಿಸಿತು. ಅದಕ್ಕಾಗಲೇ ಒಂಬತ್ತು ತಿಂಗಳು. ತನ್ನವರು ಯಾರು, ಹೊರಗಿನವರು ಯಾರು ಎಂದು ತಿಳಿಯುವ ವಯಸ್ಸು.

ಸ್ವಲ್ಪ ಹೊತ್ತಿನ ಮೇಲೆ ಅದು ತಲೆಯೆತ್ತಿ, ಹುಬ್ಬು ಗಂಟಿಕ್ಕಿ, ಅಳುವ ಮುದುಕಿಯನ್ನು ನೋಡಿತು. ಪಕ್ಕದ ಮನೆಯವಳ ಸಿಟ್ಟು ಇಳಿಯಿತು.

"ಅಚ್ಚು ಅರಿವ್ಯಾಗ ಯಾಕ ಹುಡುಕತಿ? ಇಲ್ಲೈತಿ ನೋಡು. ಪಡಿಯಚ್ಚು ನಿನ್ನ ಮಗಳು."

ಅಂದು ಅಜ್ಜಿ ಮೊದಲ ಸಲ ಕೂಸಿನ ಮುಖವನ್ನು ಪೂರ್ತಿ ನೋಡಿದಳು.

ಸೀರೆಯಲ್ಲಿ ಗಟ್ಟಿ ಉಳಿದದ್ದು ಸೆರಗು ಮಾತ್ರ. ಅದನ್ನು ಕತ್ತರಿಸಿ ಕೌದಿಯ ಒಳಪದರಕ್ಕೆ ಹಾಕಿ ಹೊಲಿದಳು. ಮೇಲಿನಿಂದ ಅದು ಕಾಣುವುದಿಲ್ಲ. ಹೊದ್ದವರಿಗೆ ಬೆಚ್ಚಗಿರುತ್ತದೆ, ಅಷ್ಟೇ. ಹದಿನೈದು ದಿನಕ್ಕೆ ಕೌದಿ ಮುಗಿಯಿತು. ಕೂಸು ಅವಳ ಮಡಿಲಿಗೆ ಬರಲು ಮಾತ್ರ ಹೋಳಿ ಹುಣ್ಣಿಮೆಯವರೆಗೆ ಕಾಯಬೇಕಾಯಿತು. ದಿನಾ ಹೋಗಿ ಪಕ್ಕದ ಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪ ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಂಡ.

"ಹಂಗಾರ ನಾ ಆಕಿನ್ನ ಮರೀಬೇಕೇನ್ರಿ, ಅಜ್ಜಾರ?"

ಅಜ್ಜನವರು ಅವನನ್ನೇ ನೋಡುತ್ತ ಕೇಳಿದರು:

"ನಿನ್ನ ಮಗಳ ಮುಖ ಯಾರಂಗ ಐತೋ, ಅಡಿವೆಪ್ಪಾ?"

ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ಅಡಿವೆಪ್ಪ ಮೂಲೆಗೆ ಹೋಗಲಿಲ್ಲ, ಅಕ್ಕನ ಮನೆಯ ದಾರಿ ಹಿಡಿದ.